ಉಂಡ ಮನೆಯ ಜಂತೆ ಎಣಿಸುವ ವಿದ್ಯೆ

ಎಂ.ಡಿ., ಡಿ.ಎಂ. ಮುಗಿಸಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುತ್ತಿರುವ ಕಿರಿಯರೇ,

ಇಂದಲ್ಲ ನಾಳೆ ನಿಮ್ಮ ಮೇಜಿಗೆ ಒಂದು ಒಪ್ಪಂದ ಪತ್ರ ಬರುತ್ತದೆ. ಔಷಧ ಕಂಪನಿಯೊಂದು ನಿಮ್ಮ ವಿಭಾಗದಲ್ಲಿ ಕ್ಲಿನಿಕಲ್ ಟ್ರಯಲ್ ನಡೆಸಲು ಹಣ ಕೊಡಲು ಮುಂದೆ ಬಂದಿರುತ್ತದೆ. ಡೀನ್ ಸಂತೋಷಪಡುತ್ತಾರೆ, ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟುತ್ತಾರೆ. ಹತ್ತಾರು ಪುಟಗಳ ಇಂಗ್ಲಿಷ್ ಕಾನೂನು ಭಾಷೆಯನ್ನು ಯಾರು ಓದುತ್ತಾರೆ ಎಂದು ನೇರ ಕೊನೆಯ ಪುಟಕ್ಕೆ ಹೋಗುವ ಆಸೆಯಾಗುತ್ತದೆ. ಪೆನ್ನು ತೆಗೆಯುವ ಮೊದಲು ಈ ಹಿರಿಜೀವದ ನಾಲ್ಕು ಮಾತು ಕೇಳಿ.

ಕಂಪನಿಯ ದುಡ್ಡು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ರೋಗಿಗಳಿಗೆ ಮಾಡಿದ ಅನ್ಯಾಯವಾದೀತು. ರೊಟಾವೈರಸ್ ಲಸಿಕೆಯ ಕಥೆ ನೋಡಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರ ತಳಿಯ ವೈರಸ್ ಕಂಡಿತು. ಸೋಂಕು ತಗುಲಿದ್ದರೂ ಮಕ್ಕಳಿಗೆ ಭೇದಿ ಇರಲಿಲ್ಲ. ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು ಆ 116ಇ ತಳಿಯನ್ನು ಬೆನ್ನು ಹತ್ತಿದರು. ನಮ್ಮ ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕ ಐ321 ಎಂಬ ಇನ್ನೊಂದು ತಳಿಯ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಕೆಲಸ ಮಾಡಿದರು. ಎರಡನ್ನೂ ಪರೀಕ್ಷಿಸಿದಾಗ 116ಇ ಗೆದ್ದಿತು. ಆದರೆ ಪ್ರಯೋಗಾಲಯದ ಸೀಸೆಯಲ್ಲಿರುವ ವೈರಸ್ ಹಳ್ಳಿಯ ಕೂಸಿನ ಬಾಯಿಗೆ ಹನಿಯಾಗಿ ಬೀಳಬೇಕಾದರೆ ಕಾರ್ಖಾನೆ ಬೇಕು. ಆ ಕೆಲಸಕ್ಕೆ ಹೈದರಾಬಾದಿನ ಭಾರತ್ ಬಯೋಟೆಕ್ ಕೈಜೋಡಿಸಿತು, ಒಂದು ಡೋಸಿಗೆ ಒಂದು ಡಾಲರ್ ಬೆಲೆಗೆ ಕೊಡುವುದಾಗಿ ಮಾತು ಕೊಟ್ಟಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ರೊಟಾವೈರಸ್ ಲಸಿಕೆ ಸೇರಿತು. ಸರ್ಕಾರ, ಆಸ್ಪತ್ರೆ, ಕಂಪನಿ ಮೂರೂ ಸೇರದಿದ್ದರೆ ಇದು ಆಗುತ್ತಿರಲಿಲ್ಲ. ಇಂಥ ಒಳ್ಳೆಯ ಕೆಲಸದಲ್ಲೂ ಪ್ರತಿ ಕೇಂದ್ರದ ಅಂಕಿಅಂಶವನ್ನು ಬೇರೆಬೇರೆಯಾಗಿ ಬಹಿರಂಗಪಡಿಸಿ ಎಂದು ಕೋರ್ಟಿಗೆ ಹೋದವರಿದ್ದರು. ಅದನ್ನೂ ನೆನಪಿಡಿ. ಕೆಲಸ ಎಷ್ಟೇ ಒಳ್ಳೆಯದಾದರೂ ಲೆಕ್ಕ ಕೇಳುವವರು ಇರುತ್ತಾರೆ, ಇರಬೇಕು.

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ಬಾಳಿಗೆ ಒಳ್ಳೆಯ ಪಾಠ ಅದು. ಆದರೆ ಸಂಶೋಧನೆಯಲ್ಲಿ ಉಂಡ ಮನೆಯ ಜಂತೆಯನ್ನೇ ಮೊದಲು ಎಣಿಸಬೇಕು. ಹಣ ಕೊಟ್ಟವರ ಔಷಧದಲ್ಲಿ ಕುಂದು ಕಂಡರೆ, ಅದನ್ನು ಮೊದಲು ಹೇಳಬೇಕಾದವರು ಆ ಹಣದಲ್ಲಿ ಕೆಲಸ ಮಾಡಿದ ನೀವೇ. ಇದು ಕೃತಘ್ನತೆಯಲ್ಲ. ಕಂಪನಿಯ ಋಣಕ್ಕಿಂತ ದೊಡ್ಡ ಋಣವೊಂದು ನಿಮ್ಮ ಮೇಲಿದೆ. ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ಸು ಹತ್ತಿ ಬಂದು, "ನೀವು ಹೇಳಿದ ಹಾಗೆ ಆಗಲಿ ಡಾಕ್ಟ್ರೇ" ಎಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ರೋಗಿಯ ಋಣ ಅದು. ಆತ ಕಂಪನಿಯನ್ನು ನಂಬಿ ಬಂದವನಲ್ಲ, ನಿಮ್ಮನ್ನು ನಂಬಿ ಬಂದವನು.

ಈ ಎರಡು ಋಣಗಳು ಎದುರುಬದುರಾದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಡಾ. ನ್ಯಾನ್ಸಿ ಒಲಿವಿಯೆರಿ ಅವರ ಕಥೆಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಟೊರಾಂಟೊದ ಮಕ್ಕಳ ಆಸ್ಪತ್ರೆ 'ಸಿಕ್‌ ಕಿಡ್ಸ್'ನಲ್ಲಿ ಅವರು ಥಲಸ್ಸೀಮಿಯಾ ರೋಗಿಗಳನ್ನು ನೋಡುತ್ತಿದ್ದರು. ಈ ರೋಗಿಗಳಿಗೆ ಮತ್ತೆಮತ್ತೆ ರಕ್ತ ಕೊಡಬೇಕು. ಕೊಟ್ಟ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಸೇರಿಕೊಂಡು ಜೀವ ತೆಗೆಯುತ್ತದೆ. ಅದನ್ನು ಹೊರಹಾಕಲು ಆಗ ಇದ್ದ ದಾರಿಯೆಂದರೆ ಚರ್ಮದಡಿ ಸೂಜಿ ಚುಚ್ಚಿ ರಾತ್ರಿಯಿಡೀ ಪಂಪಿನಿಂದ ಔಷಧ ಹರಿಸುವುದು. ಹಾಗಾಗಿ ನುಂಗುವ ಮಾತ್ರೆ ಡೆಫೆರಿಪ್ರೋನ್ ದೊಡ್ಡ ಆಸೆ ಹುಟ್ಟಿಸಿತ್ತು. ಒಲಿವಿಯೆರಿ ಅವರೂ ಅದರ ಮೇಲೆ ಭರವಸೆ ಇಟ್ಟೇ ಕೆಲಸ ಶುರುಮಾಡಿದವರು. 1993ರಲ್ಲಿ ಅಪೊಟೆಕ್ಸ್ ಕಂಪನಿ ಹಣ ಕೊಡಲು ಬಂತು. ಸಹಿಯಾದ ಒಪ್ಪಂದದಲ್ಲಿ, ಕಂಪನಿಯ ಅನುಮತಿಯಿಲ್ಲದೆ ಪರೀಕ್ಷೆಯ ಮಾಹಿತಿ ಹೊರಗೆ ಹೇಳಬಾರದೆಂಬ ಷರತ್ತಿತ್ತು.

ಕೆಲವು ರೋಗಿಗಳಲ್ಲಿ ಮಾತ್ರೆ ಪರಿಣಾಮ ಕಳೆದುಕೊಳ್ಳುತ್ತಿದೆ ಎಂದು ಅವರಿಗೆ ಕಂಡಾಗ, ಅದನ್ನು ರೋಗಿಗಳಿಗೆ ತಿಳಿಸಬೇಕೆಂದರು. ಕಂಪನಿ ಆ ತೀರ್ಮಾನವನ್ನು ಒಪ್ಪಲಿಲ್ಲ. 1996ರ ಮೇ ತಿಂಗಳಲ್ಲಿ ಪರೀಕ್ಷೆಗಳನ್ನೇ ನಿಲ್ಲಿಸಿ, ಬಾಯಿಬಿಟ್ಟರೆ ಕಾನೂನು ಕ್ರಮ ಎದುರಿಸಬೇಕಾದೀತೆಂದು ಎಚ್ಚರಿಸಿತು. ಅದೇ ಹೊತ್ತಿನಲ್ಲಿ ಟೊರಾಂಟೊ ವಿಶ್ವವಿದ್ಯಾಲಯ ಅದೇ ಕಂಪನಿಯಿಂದ ಕೋಟ್ಯಂತರ ಡಾಲರ್ ದೇಣಿಗೆಯ ಮಾತುಕತೆಯಲ್ಲಿತ್ತು. ಒಲಿವಿಯೆರಿ ಹೆದರಲಿಲ್ಲ. ರೋಗಿಗಳಿಗೆ ಹೇಳಿದರು, 1998ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದರು. ಮುಂದಿನ ವರ್ಷಗಳೆಲ್ಲ ವಿಚಾರಣೆ, ದೂರು, ಕೋರ್ಟುಗಳಲ್ಲೇ ಕಳೆದವು. ಕೆನಡಾದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘ ನೇಮಿಸಿದ ಸ್ವತಂತ್ರ ಸಮಿತಿ 2001ರಲ್ಲಿ ವರದಿ ಕೊಟ್ಟು, ಅವರ ನಡೆ ಸರಿಯಿತ್ತು, ಆಸ್ಪತ್ರೆಯೂ ವಿಶ್ವವಿದ್ಯಾಲಯವೂ ಅವರಿಗೆ ಸಿಗಬೇಕಿದ್ದ ಬೆಂಬಲ ಕೊಡಲಿಲ್ಲ ಎಂದಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಕೇಳಿ. ಡೆಫೆರಿಪ್ರೋನ್ ಮೂಲೆಗೆ ಬಿದ್ದ ಔಷಧವಲ್ಲ. 2011ರಲ್ಲಿ ಅಮೆರಿಕದ ಎಫ್‌ಡಿಎ, ಬೇರೆ ಔಷಧ ಸಾಲದ ರೋಗಿಗಳಿಗೆ ಅದನ್ನು ಬಳಸಲು ಅನುಮತಿ ಕೊಟ್ಟಿತು. ಅದರ ಗುಣದೋಷದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪಾಠ ಔಷಧದ್ದಲ್ಲ. ವೈದ್ಯರಿಗೆ ಒಂದು ಅಪಾಯ ಇರಬಹುದೆಂದು ಪ್ರಾಮಾಣಿಕವಾಗಿ ಅನ್ನಿಸಿದರೆ ಅದನ್ನು ಕೇಳುವ ಹಕ್ಕು ರೋಗಿಗಿದೆ. ಆಮೇಲೆ ಆ ಅನುಮಾನ ತಪ್ಪೆಂದು ಸಾಬೀತಾದರೂ ಆ ಹಕ್ಕು ತಪ್ಪಾಗುವುದಿಲ್ಲ. ಒಪ್ಪಂದದ ಯಾವ ಷರತ್ತೂ ಅದಕ್ಕಿಂತ ದೊಡ್ಡದಲ್ಲ.

ಇನ್ನೊಂದು ಘಟನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಟ್ಟಿ ಡಾಂಗ್ ಥೈರಾಯ್ಡ್ ಮಾತ್ರೆ ಸಿಂಥ್ರಾಯ್ಡನ್ನು ಅಗ್ಗದ ಮಾತ್ರೆಗಳೊಂದಿಗೆ ಹೋಲಿಸಿ ನೋಡಿದರು. ಹಣ ಸಿಂಥ್ರಾಯ್ಡ್ ಕಂಪನಿಯದು. ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬುದು ಕರಾರು. ಎಲ್ಲ ಮಾತ್ರೆಗಳೂ ಒಂದೇ ಎಂದು 1990ರಲ್ಲೇ ಗೊತ್ತಾಯಿತು. 1995ರ ಜನವರಿಯಲ್ಲಿ 'ಜಾಮಾ'ದಲ್ಲಿ ಬರಬೇಕಿದ್ದ ಲೇಖನವನ್ನು ಕಂಪನಿಯ ಒತ್ತಡದಿಂದ ಹಿಂತೆಗೆದುಕೊಳ್ಳಬೇಕಾಯಿತು. ಅದು ಕೊನೆಗೂ ಅಚ್ಚಾದದ್ದು 1997ರಲ್ಲಿ. ಅಷ್ಟೂ ವರ್ಷ ರೋಗಿಗಳು ಹೆಚ್ಚು ಬೆಲೆ ತೆರುತ್ತಲೇ ಇದ್ದರು.

ಇಂಥವುಗಳಿಂದ ಜಗತ್ತು ಕಲಿತಿದೆ. ಪ್ರಾಯೋಜಕರು ಅಂಕಿಅಂಶವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡ ಸಂಶೋಧನೆಯನ್ನು ಪ್ರಕಟಿಸುವುದಿಲ್ಲವೆಂದು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2001ರಲ್ಲಿ ಒಟ್ಟಾಗಿ ಸಾರಿದರು. ನಮ್ಮಲ್ಲಿ 2009ರ ಜೂನ್‌ನಿಂದ ಟ್ರಯಲ್‌ಗಳನ್ನು ದೇಶದ ಟ್ರಯಲ್ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ರೋಗಿಗೆ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೂ ಪ್ರಾಯೋಜಕರಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ಕಮಿಟಿಯಲ್ಲಿ ಅರ್ಧದಷ್ಟಾದರೂ ಸದಸ್ಯರು ಹೊರಗಿನವರಿರಬೇಕು. ಈ ನಿಯಮಗಳು ನಿಮ್ಮ ಬೆನ್ನಿಗಿವೆ. ಓದಿಕೊಳ್ಳಿ.

ಇನ್ನು ಮಾಡಬೇಕಾದದ್ದು. ಒಪ್ಪಂದದಲ್ಲಿ ಮೂರು ಮಾತು ಇವೆಯೇ ಎಂದು ಹುಡುಕಿ. ಒಂದು, ಪೂರ್ತಿ ಅಂಕಿಅಂಶ ನಿಮ್ಮ ಕೈಗೂ ಸಿಗಬೇಕು. ನಿಮ್ಮ ಕೇಂದ್ರದ್ದಷ್ಟೇ ಸಾಲದು. ಎರಡು, ಫಲಿತಾಂಶ ಹೇಗೇ ಬರಲಿ, ಪ್ರಕಟಿಸುವ ಹಕ್ಕು ನಿಮ್ಮದಾಗಿರಬೇಕು. ಪೇಟೆಂಟ್ ಅರ್ಜಿ ಹಾಕಲು ಕಂಪನಿ ಕೆಲವು ವಾರ ಕೇಳಿದರೆ ಕೊಡಿ, ತಡೆಯುವ ಅಧಿಕಾರ ಕೊಡಬೇಡಿ. ಮೂರು, ಅಪಾಯ ಕಂಡ ಗಳಿಗೆಯಲ್ಲೇ ರೋಗಿಗೂ ಕಮಿಟಿಗೂ ಹೇಳಲು ಯಾರ ಅಪ್ಪಣೆಯೂ ಬೇಕಾಗಬಾರದು. ಇವು ಇಲ್ಲದಿದ್ದರೆ ಬರೆಸಿ. ಸಹಿಗೆ ಮುಂಚೆ ಕೇಳಿದರೆ ಹೆಚ್ಚಿನ ಕಂಪನಿಗಳು ಮಾತಿಗೆ ಕೂರುತ್ತವೆ. ಸಹಿಯಾದ ಮೇಲೆ ಕೇಳುವುದು ಜಗಳವಾಗುತ್ತದೆ.

ನಿಮ್ಮ ಸ್ವಂತ ಜೇಬಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. 1999ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪರೀಕ್ಷೆಯಲ್ಲಿ ಜೆಸ್ಸಿ ಗೆಲ್‌ಸಿಂಗರ್ ಎಂಬ 18 ವರ್ಷದ ಹುಡುಗ ತೀರಿಕೊಂಡ. ಆ ಚಿಕಿತ್ಸಾ ಕೇಂದ್ರದ ಮುಖ್ಯಸ್ಥರಿಗೆ ತಾವೇ ಸ್ಥಾಪಿಸಿದ ಕಂಪನಿಯಲ್ಲಿ ಪಾಲಿತ್ತು, ವಿಶ್ವವಿದ್ಯಾಲಯಕ್ಕೂ ಇತ್ತು. ಹಣದ ಆಸೆಯೇ ಸಾವಿಗೆ ಕಾರಣವೆಂದು ನಾನು ಹೇಳಲಾರೆ. ಆದರೆ ಪಾಲಿದ್ದ ಕಾರಣಕ್ಕೇ ಅಲ್ಲಿ ತೆಗೆದುಕೊಂಡ ಒಂದೊಂದು ನಿರ್ಧಾರವನ್ನೂ ಜನ ಅನುಮಾನದಿಂದ ನೋಡುವಂತಾಯಿತು. ನೀವು ಪರೀಕ್ಷಿಸುವ ಔಷಧದ ಕಂಪನಿಯಲ್ಲಿ ನಿಮಗಾಗಲಿ ಮನೆಯವರಿಗಾಗಲಿ ಷೇರು ಇರದಿರಲಿ. ಇದ್ದರೆ ಕಮಿಟಿಗೆ ಹೇಳಿ, ಆ ಪರೀಕ್ಷೆಯಿಂದ ದೂರ ಸರಿಯಿರಿ.

ಒಬ್ಬೊಬ್ಬರೇ ನಿಲ್ಲುವುದು ಕಷ್ಟ. ಒಲಿವಿಯೆರಿ ಅವರ ಬೆನ್ನಿಗೆ ನಿಂತ ಬೆರಳೆಣಿಕೆಯ ಸಹೋದ್ಯೋಗಿಗಳಿಂದಲೇ ಅವರು ಉಳಿದರು. ನಿಮ್ಮ ಪಕ್ಕದ ವಿಭಾಗದಲ್ಲಿ ಯಾರಾದರೂ ಹೀಗೆ ಸತ್ಯ ಹೇಳಿ ಸಿಕ್ಕಿಬಿದ್ದರೆ, ನನಗೇಕೆ ಎನ್ನಬೇಡಿ, ಅವರ ಪಕ್ಕ ಹೋಗಿ ನಿಲ್ಲಿ. ನಾಳೆ ನೀವೇ ಡೀನ್ ಆದಾಗ, ನಿರ್ದೇಶಕರಾದಾಗ, ಈ ಮೂರು ಮಾತಿಲ್ಲದ ಯಾವ ಒಪ್ಪಂದವೂ ನಿಮ್ಮ ಆಸ್ಪತ್ರೆಯ ಬಾಗಿಲು ದಾಟದಂತೆ ನಿಯಮ ಮಾಡಿ. ಕಂಪನಿಯೊಂದಿಗೆ ಧಾರಾಳವಾಗಿ ಕೆಲಸ ಮಾಡಿ, ದೇಶಕ್ಕೆ ಹೊಸ ಔಷಧಗಳು ಬೇಕು. ಆದರೆ ರೋಗಿಗೆ ಸತ್ಯ ಹೇಳುವ ಹಕ್ಕನ್ನು ಬಿಟ್ಟುಕೊಡು ಎನ್ನುವ ಕಾಗದ ಎದುರಿಗೆ ಬಂದರೆ, ಅದರ ಮೇಲೆ ಎಷ್ಟೇ ಸೊನ್ನೆಗಳ ಮೊತ್ತ ಬರೆದಿದ್ದರೂ, ಸಹಿ ಹಾಕಬೇಡಿ.