ಚೇಳೂರಿನಲ್ಲಿ ಸೇಬು, ಮ್ಯಾಂಚೆಸ್ಟರಿನಲ್ಲಿ ನಿಂಬೆ

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು ಚೇಳೂರಿನ ಹತ್ತಿರ ತೋಟ. ತೆಂಗು, ಅಡಿಕೆ, ಬದುವಿನ ಮೇಲೆ ಹಲಸು ಇದೆ. ಈಗ ಸೇಬು, ಬೆಣ್ಣೆಹಣ್ಣು, ರಂಬುಟಾನ್ ಹಾಕುವ ಆಸೆ. ನರ್ಸರಿಯಲ್ಲಿ ಕೇಳಿದರೆ ಎಲ್ಲವೂ ಬರುತ್ತೆ ಅನ್ನುತ್ತಾರೆ. ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಕುಂಡದಲ್ಲಿ ನಿಂಬೆ ಗಿಡ ಸಾಕಿದ್ದಾಳೆ. ಪ್ರತಿ ಚಳಿಗಾಲ ಎಲೆಯೆಲ್ಲ ಉದುರಿ ಬೋಳಾಗುತ್ತೆ. ಚಳಿ ತಡೆಯುವ ನಿಂಬೆ ಇದೆಯೇ? ಇಲ್ಲಿ ನಮ್ಮ ಹಿತ್ತಲಿನ ಕಿತ್ತಳೆ ಹಣ್ಣಾದರೂ ಹಸಿರಾಗಿಯೇ ಇರುತ್ತೆ. ಅದೇಕೆ?
— ಓದುಗರೊಬ್ಬರು, ಚೇಳೂರು

ಉತ್ತರ: ನಿಮ್ಮ ಎಲ್ಲ ಪ್ರಶ್ನೆಗಳ ಬೇರು ಒಂದೇ: ಚಳಿ. ಹಣ್ಣಿನ ಸಸಿ ಕೊಳ್ಳುವಾಗ ಮಣ್ಣು ನೋಡುತ್ತೇವೆ, ನೀರು ನೋಡುತ್ತೇವೆ, ಬಿಸಿಲಿನ ಮಾತೂ ಆಡುತ್ತೇವೆ. ನಮ್ಮೂರಿನ ಮಾಗಿಯ ರಾತ್ರಿ ಈ ಮರಕ್ಕೆ ಹೊಂದುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ಚಳಿಯ ವಿಷಯದಲ್ಲಿ ಹಣ್ಣಿನ ಮರಗಳು ಮೂರು ಬಗೆ. ಕೆಲವಕ್ಕೆ ಚಳಿ ಬೇಕೇ ಬೇಕು; ಅದಿಲ್ಲದೆ ಸರಿಯಾಗಿ ಹೂ ಬಿಡುವುದಿಲ್ಲ. ಕೆಲವಕ್ಕೆ ಬೇಕಿಲ್ಲ, ಬಂದರೆ ಒಂದು ಮಟ್ಟದವರೆಗೆ ಸಹಿಸುತ್ತವೆ. ಉಳಿದವು ಸಹಿಸಲಾರವು. ಸೇಬು ಮೊದಲನೆಯ ಬಗೆ, ಕಿತ್ತಳೆ ಬಳಗ ಎರಡನೆಯದು, ರಂಬುಟಾನ್ ಮೂರನೆಯದು. ನಿಮ್ಮ ಆಸೆಯ ಪಟ್ಟಿಯಲ್ಲಿ ಮೂರೂ ಬಗೆಯವು ಇರುವುದರಿಂದಲೇ ‘ಎಲ್ಲವೂ ಬರುತ್ತೆ’ ಎಂಬ ಮಾತನ್ನು ನಂಬಲಾಗದು.

ಇದನ್ನು ಕಣ್ಣಾರೆ ನೋಡಬೇಕಾದರೆ ನೀಲಗಿರಿಗೆ ಹೋಗಿಬನ್ನಿ. ಬೆಟ್ಟದ ಬುಡದಲ್ಲಿ, ಸುಮಾರು 400 ಮೀಟರ್ ಎತ್ತರದ ಕಲ್ಲಾರಿನ ಸರ್ಕಾರಿ ಹಣ್ಣಿನ ತೋಟದಲ್ಲಿ ಮ್ಯಾಂಗೊಸ್ಟೀನ್, ಡುರಿಯನ್ ಬೆಳೆಯುತ್ತವೆ. ಅಲ್ಲಿಂದ ಮೂವತ್ತು ಕಿಲೋಮೀಟರಿನೊಳಗೆ ಘಾಟಿ ಹತ್ತಿ ಕೂನೂರು ಮುಟ್ಟಿದರೆ ಪೀಚ್, ಪ್ಲಮ್, ಪೇರು, ಪರ್ಸಿಮನ್. ಮೇಲಿನ ಮರ ಕೆಳಗೆ ಫಲ ಕೊಡದು, ಕೆಳಗಿನದು ಮೇಲೆ ಬದುಕದು. ಒಂದೇ ಬೆಟ್ಟ, ಒಂದೇ ಮಳೆಗಾಲ. ಬೆಳೆಯನ್ನು ಹಂಚಿರುವುದು ಮುಖ್ಯವಾಗಿ ರಾತ್ರಿಯ ತಂಪು.

ಚೇಳೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲು. ಕಾರ್ತಿಕದಿಂದ ಶಿವರಾತ್ರಿವರೆಗೆ ಚಳಿಗಾಲ ಅನ್ನುತ್ತೇವಾದರೂ ರಾತ್ರಿಯ ಉಷ್ಣಾಂಶ ಹೆಚ್ಚಾಗಿ 13ರಿಂದ 17 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಬಹಳ ಚಳಿ ಬಿದ್ದ ದಿನ 10ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಹೆಪ್ಪುಗಟ್ಟುವ ಮಾತಿಲ್ಲ. ಅಂದರೆ ನಿಮ್ಮ ತೋಟ ಚಳಿಗೆ ಗಿಡವನ್ನು ಕೊಲ್ಲುವುದೂ ಇಲ್ಲ, ಚಳಿ ಬೇಡುವ ಗಿಡದ ಹಸಿವು ತೀರಿಸುವುದೂ ಇಲ್ಲ. ಈ ನಡುವಿನ ಜಾಗವನ್ನು ಅರಿತರೆ ಆಯ್ಕೆ ಸುಲಭ.

ಮೊದಲು ಸೇಬು. ಸೇಬಿನ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ ಮಲಗಿರುತ್ತದೆ. ಅದು ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ಇಷ್ಟು ಗಂಟೆ ಸಿಗಬೇಕೆಂಬ ಲೆಕ್ಕವಿದೆ. ಶಿಮ್ಲಾ, ಕಾಶ್ಮೀರದ ಹಳೆಯ ತಳಿಗಳಿಗೆ ಸಾವಿರ ಗಂಟೆಯ ಆಸುಪಾಸು ಬೇಕು. ಚೇಳೂರಿನಲ್ಲಿ ಅಂಥ ಗಂಟೆ ಇಲ್ಲವೆಂದೇ ಹೇಳಬೇಕು. ಅಲ್ಲಿನ ಸಸಿ ತಂದು ನೆಟ್ಟರೆ ಸಾಯುವುದಿಲ್ಲ. ಆದರೆ ಯಾವ ಕೊಂಬೆ ಯಾವಾಗ ಚಿಗುರಬೇಕೆಂದು ತಿಳಿಯದೆ ತುದಿಯಲ್ಲಿ ನಾಲ್ಕು ಎಲೆ, ಅಲ್ಲೊಂದು ಇಲ್ಲೊಂದು ಹೂವು ಬಿಟ್ಟು ವರ್ಷ ಕಳೆಯುತ್ತದೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತ ‘ರೋಮ್ ಬ್ಯೂಟಿ’ ಎಂಬ ಸೇಬು ಬೆಳೆಯುತ್ತಿದ್ದರು. ಅದೇ ತಳಿ ಇಂಡೊನೇಷ್ಯಾದ ಪೂರ್ವ ಜಾವಾದ ಬಾತು ಎಂಬ ಊರಿನಲ್ಲಿ, ಸಮಭಾಜಕ ವೃತ್ತಕ್ಕೆ ಹತ್ತಿರದಲ್ಲೇ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅಲ್ಲಿನ ರೈತರು ಹಣ್ಣು ಕಿತ್ತ ಕೆಲವೇ ವಾರಗಳಲ್ಲಿ ಮರದ ಎಲೆಯನ್ನೆಲ್ಲ ಕೈಯಿಂದ ತೆಗೆದುಬಿಡುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಅದನ್ನು ಎಬ್ಬಿಸುವ ಉಪಾಯವದು. ಕಡಿಮೆ ಚಳಿ ಸಾಕೆನ್ನುವ ತಳಿಗಳೂ ಈಗ ಇವೆ: ಇಸ್ರೇಲಿನ ‘ಅನ್ನಾ’, ಬಹಾಮಾಸ್ ದ್ವೀಪದ ‘ಡಾರ್ಸೆಟ್ ಗೋಲ್ಡನ್’, ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬೆಳೆಸಿದ ‘ಎಚ್‌ಆರ್‌ಎಂಎನ್-99’. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಿಮಗೆ ಇಷ್ಟವಿದ್ದರೆ ಇಂಥ ತಳಿಯ ಕಸಿ ಸಸಿ ಎರಡು ಮೂರು ಮನೆಯ ಹತ್ತಿರ ಹಾಕಿ. ‘ಅನ್ನಾ’ ಹಾಕಿದರೆ ಪಕ್ಕದಲ್ಲಿ ‘ಡಾರ್ಸೆಟ್ ಗೋಲ್ಡನ್’ ಇರಲಿ, ಅದಕ್ಕೆ ಬೇರೆ ತಳಿಯ ಪರಾಗ ಬೇಕು. ಎಲೆ ಕೀಳುವ ಪ್ರಯೋಗ ಮಾಡಿ, ಮಕ್ಕಳಿಗೆ ಹಣ್ಣು ತಿನ್ನಿಸಿ. ತೆಂಗಿನ ಸಾಲು ತೆಗೆದು ಎಕರೆಗಟ್ಟಲೆ ಸೇಬು ಹಾಕುವ ಮಾತು ಯಾರಾದರೂ ಆಡಿದರೆ ಬೇಡವೆನ್ನಿ.

ರಂಬುಟಾನ್ ಕತೆ ಬೇರೆ. ನಿಮ್ಮ 10 ಡಿಗ್ರಿಯ ರಾತ್ರಿ ಅದಕ್ಕೆ ಕಷ್ಟ. ಅದಕ್ಕಿಂತ ಕಷ್ಟ ಸಂಕ್ರಾಂತಿಯಿಂದ ಮೇ ತಿಂಗಳವರೆಗಿನ ಒಣಗಾಳಿ. ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆ ಅದು ಬರುವುದಕ್ಕೆ ಕಾರಣ ಬರೀ ಸೆಕೆಯಲ್ಲ, ಗಾಳಿಯಲ್ಲಿನ ತೇವ. ನೀಲಗಿರಿ ಘಾಟಿಯ ಬರ್ಲಿಯಾರ್ ಎತ್ತರದಲ್ಲಿ ಹೆಚ್ಚುಕಡಿಮೆ ಚೇಳೂರಿಗೆ ಸಮ. ಅಲ್ಲಿ ಮ್ಯಾಂಗೊಸ್ಟೀನ್ ಬರುತ್ತದೆ, ಏಕೆಂದರೆ ಕಣಿವೆಯ ಕಾಡು ಆ ಊರನ್ನು ತೇವವಾಗಿಟ್ಟಿದೆ. ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆಯ ಬಯಲಿನಲ್ಲಿ ಹನಿ ನೀರಾವರಿ ಬೇರಿಗೆ ನೀರು ಕೊಟ್ಟೀತು, ಎಲೆಯ ಸುತ್ತಲಿನ ಗಾಳಿಗೆ ತೇವ ಕೊಡಲಾರದು. ರಂಬುಟಾನನ್ನು ಪಟ್ಟಿಯಿಂದ ತೆಗೆಯಿರಿ.

ಬೆಣ್ಣೆಹಣ್ಣಿಗೆ ನಿಮ್ಮಲ್ಲಿ ಒಳ್ಳೆಯ ಅವಕಾಶವಿದೆ. ಅದರಲ್ಲಿ ಮೂರು ಕುಲ: ಮೆಕ್ಸಿಕೊ ಬೆಟ್ಟಗಳದು ಹೆಚ್ಚು ಚಳಿ ತಡೆಯುತ್ತದೆ, ಗ್ವಾಟೆಮಾಲದ್ದು ಅದಕ್ಕಿಂತ ಕಡಿಮೆ, ವೆಸ್ಟ್ ಇಂಡೀಸಿನದು ಎಲ್ಲಕ್ಕಿಂತ ಕಡಿಮೆ. ಚೇಳೂರಿನ ಚಳಿಯನ್ನು ಮೂರೂ ಸಹಿಸುತ್ತವೆ. ನೀವು ಹೆದರಬೇಕಾದದ್ದು ನಿಂತ ನೀರಿಗೆ. ಇದರ ಬೇರು ಮೇಲುಮೇಲೆಯೇ ಹರಡುತ್ತದೆ. ಪಾತಿಯಲ್ಲಿ ನೀರು ನಿಂತರೆ ಶಿಲೀಂಧ್ರ ಹತ್ತಿ ಬೇರು ಕೊಳೆತು ಇಡೀ ಮರ ಒಣಗುತ್ತದೆ. ಆದ್ದರಿಂದ ಗುಣಿಯಲ್ಲಿ ಹುದುಗಿಸದೆ, ಕೆಂಪು ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬುಡಕ್ಕೆ ತೆಂಗಿನ ಗರಿ, ಅಡಿಕೆ ಸೋಗೆಯ ಮುಚ್ಚಿಗೆ ಹಾಕಿ. ಮೊದಲ ಎರಡು ಬೇಸಿಗೆ ಪಡುವಣ ಬಿಸಿಲಿಗೆ ಮರೆ ಕಟ್ಟಿ.

ಒಂದೇ ಮರ ನೆಟ್ಟು ಕಾಯಿ ಕಚ್ಚಲಿಲ್ಲವೆಂದು ಕೊರಗುವವರು ಬಹಳ. ಬೆಣ್ಣೆಹಣ್ಣಿನ ಹೂ ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ. ‘ಎ’ ಗುಂಪಿನ ತಳಿಯ ಹೂ ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ‘ಬಿ’ ಗುಂಪಿನದು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಎರಡೂ ಗುಂಪಿನ ಮರ ಹತ್ತಿರವಿದ್ದರೆ ಜೇನಿಗೆ ಕೆಲಸ ಸುಲಭ, ಕಾಯಿಯೂ ಹೆಚ್ಚು. ಕೊಡಗಿನ ಚೆಟ್ಟಳ್ಳಿ ಕೇಂದ್ರದಿಂದ ಬಂದ ‘ಅರ್ಕಾ ಸುಪ್ರೀಮ್’, ‘ಅರ್ಕಾ ಕೂರ್ಗ್ ರವಿ’ ತಳಿಗಳ ಬಗ್ಗೆ ವಿಚಾರಿಸಿ. ಯಾವುದು ಯಾವ ಗುಂಪಿನದೆಂದು ಕೇಳಿಯೇ ಸಸಿ ಕೊಳ್ಳಿ.

ವಿಚಾರಿಸಲು ದೂರ ಹೋಗಬೇಕಿಲ್ಲ. ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಡ್ರ್ಯಾಗನ್ ಹಣ್ಣಿಗೆ, ಅಂದರೆ ಈಗಿನ ‘ಕಮಲಂ’ಗೆ, ಉತ್ಕೃಷ್ಟತಾ ಕೇಂದ್ರವನ್ನು 2023ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ್ದು ಇದೇ ಹಿರೇಹಳ್ಳಿಗೆ. ಕಮಲಂ ಕಳ್ಳಿಯ ಜಾತಿ. ನೀರು ಕಡಿಮೆ ಸಾಕು, ನಿಮ್ಮ ಮಾಗಿಯ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಏಪ್ರಿಲ್ ಬಿಸಿಲಿಗೆ ಕಾಂಡ ಹಳದಿಯಾಗಿ ಸುಡುತ್ತದೆ, ಅಷ್ಟಕ್ಕೆ ತೆಳ್ಳನೆಯ ನೆರಳು ಬೇಕು.

ಇನ್ನು ಮಗಳ ನಿಂಬೆ. ನಾವು ಸಾರಿಗೆ, ಚಿತ್ರಾನ್ನಕ್ಕೆ ಹಿಂಡುವ ತೆಳುಸಿಪ್ಪೆಯ ನಿಂಬೆ ಕಿತ್ತಳೆ ಬಳಗದಲ್ಲೇ ಅತಿ ಸೂಕ್ಷ್ಮ, ಮಾದಲವೂ ಹಾಗೆಯೇ. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಎಲೆ, ಎಳೆ ರೆಂಬೆ ಸುಟ್ಟಂತಾಗುತ್ತವೆ. ಸಿಹಿ ಕಿತ್ತಳೆ ಇನ್ನೂ ಕೆಲವು ಡಿಗ್ರಿ ತಡೆಯುತ್ತದೆ. ಜಪಾನಿನ ಸತ್ಸುಮಾ ಕಿತ್ತಳೆ, ಸಿಪ್ಪೆ ಸಮೇತ ತಿನ್ನುವ ಪುಟ್ಟ ಕುಂಕ್ವಾಟ್ ಚೆನ್ನಾಗಿ ಬೇರೂರಿದ್ದರೆ ಸ್ವಲ್ಪ ಹೊತ್ತು ಮೈನಸ್ 8 ಡಿಗ್ರಿವರೆಗೂ ಉಳಿದಾವು. ಇದೇ ಬಳಗದ ಯೂಜು ಅದಕ್ಕೂ ಗಟ್ಟಿ. ಎಲ್ಲಕ್ಕಿಂತ ಗಟ್ಟಿ ಮೂರೆಲೆ ಕಿತ್ತಳೆ: ಚಳಿಗೆ ಎಲೆ ಉದುರಿಸಿ ಮಲಗುವ ಮುಳ್ಳುಪೊದೆ, ಮೈನಸ್ 20ರ ಆಸುಪಾಸಿಗೂ ಜಗ್ಗದು. ಅದರ ಹಣ್ಣು ಕಹಿ, ಅಂಟು. 1894-95ರ ಚಳಿಗಾಲದಲ್ಲಿ ಅಮೆರಿಕದ ಫ್ಲೋರಿಡಾದ ಕಿತ್ತಳೆ ತೋಟಗಳು ಹೆಪ್ಪುಗಟ್ಟಿ ನಾಶವಾದ ಮೇಲೆ ಅಲ್ಲಿನ ವಿಜ್ಞಾನಿಗಳು ಈ ಮೂರೆಲೆ ಕಿತ್ತಳೆಯನ್ನು ಸಿಹಿ ಕಿತ್ತಳೆಗೆ ಕೂಡಿಸಿ ‘ಸಿಟ್ರೇಂಜ್’ ಮಾಡಿದರು. ಚಳಿ ತಡೆಯುವ ಸಿಹಿ ಹಣ್ಣು ಬರಲಿಲ್ಲ. ಆದರೆ ಕಸಿ ಕಟ್ಟಲು ಒಳ್ಳೆಯ ಬೇರುಗಿಡ ಸಿಕ್ಕಿತು.

ಮಗಳಿಗೆ ಹೀಗೆ ಬರೆಯಿರಿ. ಮನೆಯ ಹೊರಗೆ ಇಡುವುದಾದರೆ ಮೂರೆಲೆ ಕಿತ್ತಳೆಯ ಬೇರುಗಿಡದ ಮೇಲೆ ಕಸಿ ಮಾಡಿದ ಸತ್ಸುಮಾ ಅಥವಾ ಕುಂಕ್ವಾಟ್, ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಮಗ್ಗುಲಲ್ಲಿ. ತಗ್ಗಿನಲ್ಲಿ ಬೇಡ, ತಣ್ಣನೆಯ ಗಾಳಿ ಭಾರ, ರಾತ್ರಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆಗಸ್ಟ್ ಕಳೆದ ಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಬೇಕು, ಇಲ್ಲವಾದರೆ ಎಳೆಚಿಗುರು ಬಂದು ಮೊದಲ ಹಿಮಕ್ಕೇ ಕರಕಾಗುತ್ತದೆ. ನಿಂಬೆಹುಳಿಯೇ ಬೇಕೆಂದರೆ ‘ಮೇಯರ್’ ನಿಂಬೆ ಇಡಲಿ. 1908ರಲ್ಲಿ ಫ್ರಾಂಕ್ ಮೇಯರ್ ಚೀನಾದಿಂದ ಅಮೆರಿಕಕ್ಕೆ ತಂದ ಈ ಗಿಡ ಬೇರೆ ನಿಂಬೆಗಳಿಗಿಂತ ಚಳಿ ತಾಳುತ್ತದೆ, ಕುಂಡದಲ್ಲಿ ಚಿಕ್ಕದಾಗಿರುವಾಗಲೇ ಕಾಯಿ ಬಿಡುತ್ತದೆ. ಚಳಿಗಾಲದಲ್ಲಿ ಅದೂ ಒಳಗೇ ಇರಲಿ.

ಒಳಗಿಟ್ಟ ಗಿಡವೇಕೆ ಬೋಳಾಗುತ್ತದೆ? ಹೆಚ್ಚಿನವರು ನೀರು ಸಾಲದೆಂದು ಇನ್ನಷ್ಟು ನೀರು ಹಾಕುತ್ತಾರೆ, ಗಿಡ ಇನ್ನೂ ಕೆಡುತ್ತದೆ. ಕುಂಡದ ಮಣ್ಣು ಸುಮಾರು 12 ಡಿಗ್ರಿಗಿಂತ ತಣ್ಣಗಾದರೆ ನಿಂಬೆಯ ಬೇರು ಕೆಲಸ ನಿಲ್ಲಿಸುತ್ತದೆ. ಆಗ ಕಿಟಕಿಯ ಬಿಸಿಲು ಎಲೆಗೆ ತಾಗಿದರೆ ಎಲೆ ನೀರು ಕೇಳುತ್ತದೆ, ಬೇರು ಕೊಡಲಾರದು. ಗಿಡ ಎಲೆಯನ್ನೇ ಕಳಚಿಹಾಕುತ್ತದೆ. ಹಾಗಾಗಿ ದಾರಿ ಎರಡೇ. ಕುಂಡವನ್ನು ತಣ್ಣನೆಯ ನೆಲದಿಂದ ಎತ್ತಿ ಹಲಗೆಯ ಮೇಲಿಟ್ಟು ಬೇರನ್ನೂ ಬೆಚ್ಚಗಿಡುವುದು, ಇಲ್ಲವೇ 5ರಿಂದ 10 ಡಿಗ್ರಿಯ ಕೋಣೆಯಲ್ಲಿ ನೇರ ಬಿಸಿಲು ತಾಗದ ಬೆಳಕಿನಲ್ಲಿ, ಬಹಳ ಕಡಿಮೆ ನೀರು ಕೊಟ್ಟು ಬೇರು ಎಲೆ ಎರಡನ್ನೂ ಸುಮ್ಮನಿರಿಸುವುದು. ಮೇ ಕೊನೆಗೆ ಹಿಮದ ಭಯ ಕಳೆದ ಮೇಲೆ ಹೊರಗಿಡಲಿ. ನೀವು ಹೋಗುವಾಗ ಇಲ್ಲಿಂದ ಗಿಡವನ್ನಾಗಲಿ ಕಸಿಕಡ್ಡಿಯನ್ನಾಗಲಿ ಒಯ್ಯಬೇಡಿ. ಈ ಬಳಗದ ಗಿಡಗಳನ್ನು ಅಲ್ಲಿಗೆ ತರುವುದಕ್ಕೆ ನಿಷೇಧವಿದೆ. ಎಲೆ ಹಳದಿಯಾಗಿಸಿ ಮರವನ್ನೇ ಕೊಲ್ಲುವ ‘ಸಿಟ್ರಸ್ ಗ್ರೀನಿಂಗ್’ ರೋಗ ಒಂದು ಕಡ್ಡಿಯಲ್ಲಿ ದೇಶ ದಾಟಬಲ್ಲದು. ಕಸಿ ಗಿಡವನ್ನು ಅಲ್ಲಿನ ನರ್ಸರಿಯಲ್ಲೇ ಕೊಳ್ಳಲಿ.

ಹಿತ್ತಲಿನ ಹಸಿರು ಕಿತ್ತಳೆಗೂ ಕಾರಣ ಚಳಿಯೇ, ಅಂದರೆ ಅದರ ಕೊರತೆ. ಕಿತ್ತಳೆ ಸಿಹಿಯಾಗುವುದಕ್ಕೂ ಸಿಪ್ಪೆ ಬಣ್ಣ ತಿರುಗುವುದಕ್ಕೂ ನೇರ ನಂಟಿಲ್ಲ. ರಾತ್ರಿ ಸುಮಾರು 13 ಡಿಗ್ರಿಗಿಂತ ತಂಪಾದಾಗ ಸಿಪ್ಪೆಯ ಹಸಿರು ಕರಗಿ ಕೇಸರಿ ಮೇಲೆ ಬರುತ್ತದೆ. ಚೇಳೂರಿನ ರಾತ್ರಿ ಆ ಗೆರೆಯ ಮೇಲೆಯೇ ಆಡುತ್ತಿರುವುದರಿಂದ ಹಣ್ಣು ಒಳಗೆ ಮಾಗಿದರೂ ಹೊರಗೆ ಹಸಿರು, ಹೆಚ್ಚೆಂದರೆ ಹಳದಿ ಮಚ್ಚೆ. ಒಂದು ಹಣ್ಣು ಬಿಡಿಸಿ ತಿಂದು ನೋಡಿ. ರುಚಿ ಬಂದಿದ್ದರೆ ಕೊಯ್ಯಿರಿ. ಬಣ್ಣಕ್ಕೆ ಕಾದರೆ ತೊಳೆ ಒಣಗುತ್ತದೆ. ಈ ಬಳಗದಲ್ಲಿ ಇನ್ನೂ ಹಾಕುವ ಮನಸ್ಸಿದ್ದರೆ ನಮ್ಮ ಬಯಲಿಗೆ ಒಗ್ಗಿದ ಹೇರಳೆ, ಗಜನಿಂಬೆ, ದೇವನಹಳ್ಳಿ ಚಕ್ಕೋತ ಇವೆ.

ಕೊನೆಯದಾಗಿ, ಸಸಿ ತರುವ ಮುಂಚೆ ಒಂದು ಮಾಗಿಕಾಲ ತೋಟದ ತಗ್ಗಿನಲ್ಲೊಂದು, ದಿಬ್ಬದಲ್ಲೊಂದು ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರ್ ನೇತುಹಾಕಿ ಬರೆದಿಡಿ. ಯಾವ ನರ್ಸರಿಯೂ ಕೊಡಲಾರದ ಮಾಹಿತಿ ಅದು. ಜೊತೆಗೆ ಬದುವಿನ ಹಲಸಿನ ಮರಗಳನ್ನು ಒಂದೊಂದಾಗಿ ಗಮನಿಸಿ. ಬೀಜದಿಂದ ಹುಟ್ಟಿದ ಹಲಸು ಒಂದರಂತೆ ಇನ್ನೊಂದು ಇರುವುದಿಲ್ಲ. ಇದೇ ಚೇಳೂರಿನ ಎಸ್.ಎಸ್. ಪರಮೇಶ್ ಅವರ ಜಮೀನಿನಲ್ಲಿ ತಂದೆ ಸಿದ್ದಪ್ಪ ನೆಟ್ಟಿದ್ದ ಒಂದು ಮರದ ತಾಮ್ರಗೆಂಪು ತೊಳೆಯನ್ನು ಹಿರೇಹಳ್ಳಿಯ ವಿಜ್ಞಾನಿಗಳು ಪರೀಕ್ಷಿಸಿದರು. ಸುಮಾರು ಎರಡೂವರೆ ಕಿಲೋ ತೂಗುವ ಆ ಹಲಸು ಇಂದು ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿಯಾಗಿ ಊರೂರಿಗೆ ಹೋಗುತ್ತಿದೆ. ಹರಿಮನ್ ಶರ್ಮಾ ಅವರ ಸೇಬೂ ರೈತನ ಹೊಲದಲ್ಲಿ, ರೈತನ ಕಣ್ಣಿಗೆ ಬಿದ್ದದ್ದೇ. ಎರಡು ಸೇಬು, ನಾಲ್ಕು ಬೆಣ್ಣೆಹಣ್ಣು, ಒಂದು ಸಾಲು ಕಮಲಂ ಹಾಕಿ. ನಿಮ್ಮ ಆಸೆಗೆ ಅಷ್ಟು ಸಾಕು. ಅದರ ಜೊತೆಗೆ ಬರ ಬಂದ ವರ್ಷವೂ ಒಳ್ಳೆಯ ಹಣ್ಣು ಕೊಡುವ ಹಲಸು, ಹೇರಳೆ ಯಾವುದಾದರೂ ಕಂಡರೆ ಗುರುತು ಹಾಕಿ, ಎರಡು ಮೂರು ಬೆಳೆ ಪರೀಕ್ಷಿಸಿ ನೋಡಿ, ಹಣ್ಣನ್ನು ಹಿರೇಹಳ್ಳಿಗೆ ಒಯ್ದು ತೋರಿಸಿ.