ಎರಡು ವರ್ಷದ ಅರಣ್ಯ ಓದು: ಎಲ್ಲಿದೆ, ಏನು ಕಲಿಸುತ್ತೆ, ನಮ್ಮ ಬದುವಿನಲ್ಲೇ ಎಷ್ಟು ಕಲಿಯಬಹುದು?

ಕಳೆದ ವಾರ ಸಂತೆಬಾಚಹಳ್ಳಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದ ಊರಿನ ಹುಡುಗ ಒಬ್ಬ ಬೈಕ್ ನಿಲ್ಲಿಸಿ ಬಂದ. ಈ ವರ್ಷ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದಾನೆ. ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿ ಕೇಳಿದ: "ಅಣ್ಣಾ, ಫಾರೆಸ್ಟ್ ಟೆಕ್ನಾಲಜಿ ಅಂತ ಎರಡೇ ವರ್ಷದ ಡಿಗ್ರಿ ಐತಂತೆ. ನಮ್ಮ ಕಡೆ ಎಲ್ಲೈತೆ? ಅಪ್ಪ ಬದುವಿನ ತೇಗ ಮಾರಿ ಫೀಸು ಕಟ್ತೀನಿ ಅಂದವ್ರೆ."

ಅವನ ಪ್ರಶ್ನೆಗಿಂತ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಮರ ಎಷ್ಟಿವೆ? ರೇಟು ಎಷ್ಟು ಹೇಳಿದ್ದಾರೆ?" ಅಂದೆ. "ಇಪ್ಪತ್ತೆರಡು ಮರ. ವ್ಯಾಪಾರಿ ಒಟ್ಟಾರೆ ಒಂದು ರೇಟು ಹೇಳವ್ರೆ. ಎಲ್ಲಾ ಸೇರಿ ಎಂಬತ್ತು ಅಡಿ ಆಯ್ತದೆ ಅಂದ್ರು." ಅಳೆದು ನೋಡಿದ್ರಾ ಅಂದರೆ, ಇಲ್ಲ.

ಇಂಥ ಪ್ರಶ್ನೆ ಇನ್ನೂ ಹಲವರಿಗೆ ಇರಬಹುದು. ಹಾಗಾಗಿ ಈ ವಾರ ಎರಡು ವಿಷಯ ಬರೆಯುತ್ತೇನೆ: ಓದು ಎಲ್ಲಿದೆ, ಮತ್ತು ಆ ಓದಿನ ಯಾವ ಪಾಠ ರೈತನಿಗೆ ಇವತ್ತೇ ಬೇಕು.

ಮೊದಲು ಓದಿನ ವಿಷಯ

ಆ ವಿಡಿಯೊ ಸುಳ್ಳಲ್ಲ. ಅಮೆರಿಕ, ಕೆನಡಾದಲ್ಲಿ ಫಾರೆಸ್ಟ್ ಟೆಕ್ನಾಲಜಿ ಎಂಬ ಎರಡು ವರ್ಷದ ಕೋರ್ಸ್ ಇದೆ. ನ್ಯೂಯಾರ್ಕ್ ರಾಜ್ಯದ ವಾನಕೀನಾ ಎಂಬ ಹಳ್ಳಿಯ ರೇಂಜರ್ ಸ್ಕೂಲ್ 1912ರಲ್ಲಿ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಮರ ಗುರುತಿಸುವುದು, ಅಳೆಯುವುದು, ಜಮೀನು ಸರ್ವೆ, ನಕ್ಷೆ, ಬೆಂಕಿ ತಡೆ ಇಂಥ ಕೈಕೆಲಸದ ಪಾಠಗಳೇ ಅಲ್ಲಿ ಹೆಚ್ಚು.

ನಮ್ಮಲ್ಲಿ ಪಿಯುಸಿ ಆದ ಮೇಲೆ ಓದುವ ಅರಣ್ಯಶಾಸ್ತ್ರ ಪದವಿ ನಾಲ್ಕು ವರ್ಷದ್ದು. ದಾರಿಗಳನ್ನು ಹೀಗೆ ವಿಂಗಡಿಸಿಕೊಳ್ಳಿ.

1. ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರ: ಶಿರಸಿಯ ಅರಣ್ಯ ಮಹಾವಿದ್ಯಾಲಯ (ಧಾರವಾಡ ಕೃಷಿ ವಿಶ್ವವಿದ್ಯಾಲಯ) ಮತ್ತು ಕೊಡಗಿನ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆದಿರಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ದಾಖಲೆ ಕೊಟ್ಟು, ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಕಾಳು, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ ಅದು. ಹೊಲದಲ್ಲಿ ಕೆಲಸ ಮಾಡಿದವನಿಗೆ ಅನುಕೂಲ.

2. ಎರಡು ವರ್ಷದ ಎಂ.ಎಸ್ಸಿ.: ಇದು ಪದವಿ ಆದ ಮೇಲೆ. ಶಿರಸಿ, ಪೊನ್ನಂಪೇಟೆಗಳಲ್ಲಿದೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲೂ ಇದೆ. ಬ್ರಿಟಿಷರ ಕಾಲದಲ್ಲಿ, 1906ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಅರಣ್ಯಶಾಸ್ತ್ರವಲ್ಲದೆ ಮರವಿಜ್ಞಾನದಲ್ಲೂ ಎರಡು ವರ್ಷದ ಎಂ.ಎಸ್ಸಿ. ಮಾಡಬಹುದು. ಪ್ರವೇಶ ಪರೀಕ್ಷೆ ಬರೆಯಬೇಕು.

3. ಎರಡು ವರ್ಷದ ಡಿಪ್ಲೊಮಾ: ಎಸ್ಸೆಸ್ಸೆಲ್ಸಿ ಆದವರಿಗೆ ಕೃಷಿ ಮತ್ತು ತೋಟಗಾರಿಕೆಯಲ್ಲಿ, ಕನ್ನಡ ಮಾಧ್ಯಮದಲ್ಲೇ ಓದುವ ಕೋರ್ಸುಗಳಿವೆ. ಇದು ಅರಣ್ಯದ ಕೋರ್ಸ್ ಅಲ್ಲ. ಆದರೆ ನರ್ಸರಿ, ಮಣ್ಣು, ನೀರಾವರಿಯ ಅಡಿಪಾಯ ಸಿಗುತ್ತೆ. ಯಾವ ಕೇಂದ್ರದಲ್ಲಿ ಎಷ್ಟು ಸೀಟು ಅನ್ನೋದನ್ನ ಆಯಾ ವರ್ಷದ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ನೋಡಿ. ಮಧ್ಯವರ್ತಿಗಳ ಮಾತು ಕೇಳಿ ದುಡ್ಡು ಕಟ್ಟಬೇಡಿ.

4. ಕೆಲವೇ ದಿನಗಳ ತರಬೇತಿ: ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶ್ರೀಗಂಧದ ಕೃಷಿ, ನರ್ಸರಿ ಮುಂತಾದ ತರಬೇತಿಗಳು ನಡೆಯುತ್ತವೆ. ಜಮೀನು ಬಿಟ್ಟು ಹೋಗಲಾಗದವರಿಗೆ ಇದು ಒಳ್ಳೆಯ ದಾರಿ.

ನೌಕರಿಯ ಮಾತೂ ಹೇಳಿಬಿಡುತ್ತೇನೆ. ರಾಜ್ಯದಲ್ಲಿ ಆರ್‌ಎಫ್‌ಓ ಹುದ್ದೆಗಳಲ್ಲಿ ಒಂದು ಪಾಲು ಅರಣ್ಯಶಾಸ್ತ್ರ ಪದವೀಧರರಿಗೆ ಮೀಸಲು. ಗಸ್ತು ಅರಣ್ಯ ಪಾಲಕ, ಅಂದರೆ ನಾವು ಗಾರ್ಡ್ ಅಂತೀವಲ್ಲ, ಆ ಕೆಲಸಕ್ಕೆ ಪಿಯುಸಿ ಸಾಕು, ಆದರೆ ಓಟದ ಪರೀಕ್ಷೆ ಗೆಲ್ಲಬೇಕು. ತರಬೇತಿಯನ್ನು ಆಯ್ಕೆಯಾದ ಮೇಲೆ ಇಲಾಖೆಯೇ ಕೊಡುತ್ತೆ. ಹುದ್ದೆ ಯಾವಾಗ ಕರೀತಾರೆ ಅನ್ನೋದು ನಮ್ಮ ಕೈಲಿಲ್ಲ. ಅದೊಂದನ್ನೇ ನಂಬಿ ಓದಿದರೆ ಕಾಯುವುದರಲ್ಲೇ ವರ್ಷಗಳು ಹೋಗಬಹುದು.

ಅಲ್ಲಿ ಏನು ಕಲಿಸುತ್ತಾರೆ?

ಬೀಜದಿಂದ ಕಟಾವಿನವರೆಗೆ ಕಾಡು ಬೆಳೆಸುವ ವನಸಂವರ್ಧನೆ, ಬೆಳೆಯ ಜೊತೆ ಮರ ಬೆಳೆಸುವ ಕೃಷಿ ಅರಣ್ಯ, ಮರದ ಗುಣ ತಿಳಿಸುವ ಮರವಿಜ್ಞಾನ, ವನ್ಯಜೀವಿ, ಕಾನೂನು, ಸರ್ವೆ. ಇವೆಲ್ಲದರ ಜೊತೆ ಅರಣ್ಯ ಮಾಪನ ಎಂಬ ವಿಷಯ ಇದೆ, ಅಂದರೆ ಮರ ಅಳೆಯುವ ವಿದ್ಯೆ. ನನ್ನ ಪ್ರಕಾರ ರೈತನಿಗೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಇದು. ಯಾಕೆ ಅಂತ ನನ್ನ ಕಥೆಯಿಂದಲೇ ಹೇಳುತ್ತೇನೆ.

2015ರಲ್ಲಿ ಬೋರ್‌ವೆಲ್ ಸಾಲ ತೀರಿಸಲು ಅಪ್ಪ ಬದುವಿನ 14 ತೇಗ ಮಾರಿದರು. ನಾನಾಗ ತೋಟಗಾರಿಕೆ ಪದವಿ ಮುಗಿಸಿ ಬಂದಿದ್ದೆ. ಕಸಿ ಕಟ್ಟೋದು ಗೊತ್ತಿತ್ತು, ಗೊಬ್ಬರದ ಲೆಕ್ಕ ಗೊತ್ತಿತ್ತು. ಮರಕ್ಕೆ ಟೇಪು ಹಿಡಿಯೋದು ಗೊತ್ತಿರಲಿಲ್ಲ. ವ್ಯಾಪಾರಿ ಕೆಳಗಿಂದ ಮೇಲೆ ಒಮ್ಮೆ ನೋಡಿ 45 ಅಡಿ ಅಂದರು, ನಾವು ಹೂಂ ಅಂದೆವು. ಅನುಮತಿ ಬಂತು, ಮರ ಬಿದ್ದವು. ಲಾರಿಗೆ ಏರಿಸುವ ಮುಂಚೆ ಸುಮ್ಮನೆ ಕುತೂಹಲಕ್ಕೆ ದಿಮ್ಮಿಗಳನ್ನು ಅಳೆದು ಬರೆದುಕೊಂಡೆ. ರಾತ್ರಿ ಸೂತ್ರ ಹುಡುಕಿ ಲೆಕ್ಕ ಹಾಕಿದರೆ 70 ಘನ ಅಡಿ ದಾಟಿತ್ತು. ದುಡ್ಡು ಆಗಲೇ ಕೈಗೆ ಬಂದಾಗಿತ್ತು, ಮಾತು ಕೊಟ್ಟಾಗಿತ್ತು. ಅಪ್ಪ ಏನೂ ಅನ್ನಲಿಲ್ಲ. "ಓದ್ಕಂಡ್ ಬಂದಿದ್ದೆ, ಒಂದು ಮಾತು ಮೊದ್ಲೇ ಹೇಳ್ಬಾರ್ದಾಗಿತ್ತಾ" ಅಂದಿದ್ದರೆ ವಾಸಿಯಿತ್ತು.

ಪಾಠ 1: ಸುತ್ತಳತೆ

ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ (ನಾಲ್ಕೂವರೆ ಅಡಿ) ಎತ್ತರದಲ್ಲಿ ಅಳೆಯುತ್ತಾರೆ. ದೇಶದ ತುಂಬ ಇದೇ ಎತ್ತರ. ಇಳಿಜಾರಿನಲ್ಲಿ ಮೇಲ್ಭಾಗದ ನೆಲದಿಂದ ಲೆಕ್ಕ. ಟೇಪು ಸೊಟ್ಟ ಆಗಬಾರದು, ಬಳ್ಳಿ ಸಿಕ್ಕಿದ್ದರೆ ಕಿತ್ತು ಅಳೆಯಿರಿ. ಅಳೆದ ಜಾಗಕ್ಕೆ ಒಂದು ಗೆರೆ ಪೇಂಟ್ ಹಚ್ಚಿ. ಮುಂದಿನ ವರ್ಷವೂ ಅಲ್ಲೇ ಅಳೆಯಬೇಕು. ಈ ಅಳತೆ ವರ್ಷವರ್ಷದ ಬೆಳವಣಿಗೆ ತಿಳಿಯೋಕೆ. ಮಾರಾಟದ ಲೆಕ್ಕಕ್ಕೆ ಪಾಠ 3 ನೋಡಿ.

ಪಾಠ 2: ಎತ್ತರ

ಮರ ಹತ್ತಬೇಕಿಲ್ಲ. ನಿಮ್ಮ ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಉದ್ದದ ಕೋಲು ತಗೊಳ್ಳಿ. ಅದರ ಬುಡ ಹಿಡಿದು, ಕೈ ಚಾಚಿ, ಕೋಲನ್ನು ನೆಟ್ಟಗೆ ನಿಲ್ಲಿಸಿ. ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಸರಿಯಾಗುವವರೆಗೆ ಹಿಂದೆ ಹಿಂದೆ ನಡೆಯಿರಿ. ಸರಿಯಾದ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಅಷ್ಟೇ ಎತ್ತರ.

ಮೊಬೈಲ್‌ನಲ್ಲೂ ಮಾಡಬಹುದು. ಕೋನ ಅಳೆಯುವ ಆ್ಯಪ್ ತೆರೆದು ಮರದ ತುದಿಯ ಕಡೆ ಹಿಡಿಯಿರಿ. 45 ಡಿಗ್ರಿ ತೋರಿಸುವ ಜಾಗದಲ್ಲಿ ನಿಂತು ಮರಕ್ಕೆ ದೂರ ಅಳೆಯಿರಿ, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ. ಎರಡೂ ವಿಧಾನ ಸಮತಟ್ಟಾದ ನೆಲದಲ್ಲಿ ಮಾತ್ರ ಸರಿ ಬರುತ್ತವೆ. ಅಂದಹಾಗೆ ವ್ಯಾಪಾರಕ್ಕೆ ಪೂರ್ತಿ ಎತ್ತರ ಬೇಕಿಲ್ಲ. ನೆಟ್ಟಗಿರುವ, ನಾಟಾಕ್ಕೆ ಬರುವ ಕಾಂಡ ಎಷ್ಟು ಅಡಿ ಅನ್ನೋದೇ ಮುಖ್ಯ.

ಪಾಠ 3: ಘನ ಅಡಿ

ನಮ್ಮ ಕಡೆ ವ್ಯಾಪಾರದಲ್ಲಿ ಬಳಸುವುದು ಕಾಲು ಸುತ್ತಳತೆಯ ಸೂತ್ರ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು 4ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದನ್ನು ಉದ್ದದಿಂದ (ಅಡಿ) ಗುಣಿಸಿ 144ರಿಂದ ಭಾಗಿಸಿ.

ಉದಾಹರಣೆ: 12 ಅಡಿ ದಿಮ್ಮಿ, ನಡುವೆ 32 ಇಂಚು ಸುತ್ತಳತೆ. 32ರಲ್ಲಿ ಕಾಲು ಭಾಗ 8. ಎಂಟೆಂಟ್ಲೆ 64. ಅದನ್ನು 12ರಿಂದ ಗುಣಿಸಿದರೆ 768. 144ರಿಂದ ಭಾಗಿಸಿದರೆ 5.33 ಘನ ಅಡಿ.

ಇಲ್ಲಿ ಮೂರು ವಿಷಯ ನೆನಪಿಡಿ. ಒಂದು, ಈ ಸೂತ್ರವೇ ದುಂಡು ಮರದ ನಿಜವಾದ ಗಾತ್ರದ ಶೇ. 78.5ರಷ್ಟನ್ನು ಮಾತ್ರ ತೋರಿಸುತ್ತೆ. ಅದೇ ದಿಮ್ಮಿಯ ಪೂರ್ತಿ ಗಾತ್ರ 6.79 ಘನ ಅಡಿ. ಸಿಗಿಯುವಾಗ ಹೋಗುವ ಚಕ್ಕೆಗೆ ಅಂತ ಈ ಬಿಡುವು ಮೊದಲೇ ಸೂತ್ರದಲ್ಲಿದೆ. ಮತ್ತೆ "ವೇಸ್ಟ್" ಅಂತ ಕಳೆದರೆ ಎರಡು ಸಲ ಕಳೆದಂತೆ. ಎರಡು, ಎಲ್ಲಿ ಟೇಪು ಹಿಡಿದರು ನೋಡಿ. ಅದೇ ದಿಮ್ಮಿಯ ಸಣ್ಣ ತುದಿಯಲ್ಲಿ 28 ಇಂಚು ಇದ್ದು ಅಲ್ಲೇ ಅಳೆದರೆ ಲೆಕ್ಕ 4.08ಕ್ಕೆ ಇಳಿಯುತ್ತೆ. ಒಂದು ಮರಕ್ಕೆ ಒಂದೂಕಾಲು ಅಡಿ ಹೋಯ್ತು. ಮೂರು, ತೊಗಟೆ ಸೇರಿಸಿಯೋ ಬಿಟ್ಟೋ ಅನ್ನೋದನ್ನ ಮಾತಿನ ಮೊದಲೇ ತೀರ್ಮಾನ ಮಾಡಿ.

ನಿಂತ ಮರದಲ್ಲಿ ಬುಡದಿಂದ 12 ಅಡಿ ಕಾಂಡ ಲೆಕ್ಕಕ್ಕೆ ತಗೊಂಡರೆ ಅದರ ನಡುಭಾಗ 6 ಅಡಿ ಎತ್ತರ. ಕೈಗೆ ಎಟಕುತ್ತೆ. ಇನ್ನೇನು ಬೇಕು?

ಪಾಠ 4: ಲೆಕ್ಕದ ಪುಸ್ತಕ

ಪ್ರತಿ ಮರಕ್ಕೆ ಒಂದು ನಂಬರು. ನೆಟ್ಟ ತಿಂಗಳು, ಸಸಿ ತಂದ ಜಾಗ, ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆದ ಸುತ್ತಳತೆ. ಮೊಬೈಲ್‌ನ ಶೀಟ್‌ನಲ್ಲಿ ಬರೆದರೂ ಸರಿ. ಮೂರು ವರ್ಷ ಬರೆದರೆ ಯಾವ ಮರ ಬೆಳೀತಿದೆ, ಯಾವುದು ನಿಂತಿದೆ ಅಂತ ಕಣ್ಣಿಗೆ ಕಾಣುತ್ತೆ. ಒತ್ತಾಗಿ ನೆಟ್ಟ ಹೆಬ್ಬೇವಿನ ಎಲ್ಲ ಸಾಲಿನಲ್ಲೂ ಬೆಳವಣಿಗೆ ಒಟ್ಟಿಗೆ ಕುಗ್ಗಿದರೆ, ಮರಗಳು ಒಂದಕ್ಕೊಂದು ಬೆಳಕು ನೀರಿಗೆ ಗುದ್ದಾಡುತ್ತಿವೆ ಎಂದರ್ಥ. ಆಗ ನಡುನಡುವೆ ತೆಗೆಯಬೇಕು. 10 ಅಡಿಗೆ 10 ಅಡಿ ನೆಟ್ಟರೆ ಎಕರೆಗೆ ಸುಮಾರು 435 ಸಸಿ. ಅಷ್ಟೂ ದಪ್ಪ ಮರ ಆಗೋದಿಲ್ಲ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರಿಯಾಯಿತಿ ದರದಲ್ಲಿ ಸಸಿ ತಂದು ನೆಟ್ಟರೆ, ಬದುಕುಳಿದ ಸಸಿ ಎಣಿಸಿ ಮೊದಲ ಮೂರು ವರ್ಷ ಪ್ರೋತ್ಸಾಹಧನ ಕೊಡುತ್ತಾರೆ. ಆಗಲೂ ಈ ಪುಸ್ತಕವೇ ನಿಮ್ಮ ಕೈ ಹಿಡಿಯುತ್ತೆ.

ಪಾಠ 5: ಕಾನೂನು

ಸಿಲ್ವರ್ ಓಕ್, ನೀಲಗಿರಿ, ಸರ್ವೆ ಮರಗಳಿಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ತೇಗಕ್ಕೆ ಹಾಗಲ್ಲ. ಕಡಿಯೋಕೂ ಸಾಗಿಸೋಕೂ ಇಲಾಖೆಯ ಅನುಮತಿ ಬೇಕು. ಶ್ರೀಗಂಧದ ವಿಷಯದಲ್ಲಿ 2001ರ ತಿದ್ದುಪಡಿ ಬಂದ ಮೇಲೆ ಜಮೀನಿನ ಮಾಲೀಕನೇ ಮರದ ಮಾಲೀಕ. ಹಾಗಂತ ಇಲಾಖೆಗೆ ತಿಳಿಸದೆ ಕೊಡಲಿ ಹಾಕಬೇಡಿ. ಗಂಧ, ತೇಗ ನೆಟ್ಟವರು ಪಹಣಿಯಲ್ಲಿ ಮರಗಳನ್ನು ನಮೂದಿಸಿಕೊಳ್ಳಿ. "ಪೇಪರ್ ಕೆಲಸ ಎಲ್ಲ ನಾನೇ ನೋಡ್ಕೋತೀನಿ" ಅನ್ನುವ ವ್ಯಾಪಾರಿಗೆ ಖಾಲಿ ಹಾಳೆ ಮೇಲೆ ಸಹಿ ಕೊಡಬೇಡಿ. ಅನುಮತಿ ನಿಮ್ಮ ಹೆಸರಲ್ಲಿ ಬರೋದು, ಕೇಸಾದರೂ ನಿಮ್ಮ ಮೇಲೆಯೇ.

ಆ ಹುಡುಗ ಏನು ಮಾಡಿದ?

ಭಾನುವಾರ ಅವರ ಹೊಲಕ್ಕೆ ಹೋದೆವು. ದರ್ಜಿಯ ಟೇಪು, ಒಂದು ನೋಟ್‌ಬುಕ್, ಒಂದು ಡಬ್ಬಿ ಪೇಂಟ್. ಅವನು ಅಳೆದ, ತಂಗಿ ಬರೆದಳು, ಅಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಎರಡು ಗಂಟೆ ಕೆಲಸ. ಒಂದೊಂದು ಮರದ ಲೆಕ್ಕ ಬೇರೆ ಬೇರೆ ಹಾಕಿ ಕೂಡಿಸಿದರೆ 117 ಘನ ಅಡಿ ಬಂತು. ವ್ಯಾಪಾರಿ ಹೇಳಿದ್ದು 80. ತೊಗಟೆಗೆ ಅಂತ ಸ್ವಲ್ಪ ಬಿಟ್ಟರೂ 100ಕ್ಕೆ ಕಮ್ಮಿ ಇಲ್ಲ. ಅಪ್ಪ ಎದ್ದು ಬಂದು ನೋಟ್‌ಬುಕ್ ಈಸಿಕೊಂಡು ನೋಡಿದರು. "ಇನ್ನೊಬ್ಬನ್ನ ಕರೆಸಿ ಕೇಳನ. ಈ ಸತಿ ಅಡಿ ಲೆಕ್ಕದಲ್ಲೇ ಮಾತಾಡನ" ಅಂದರು.

ಮರ ಇನ್ನೂ ನಿಂತಿವೆ. ಹುಡುಗ ಸಿಇಟಿ ರ‍್ಯಾಂಕ್ ನೋಡಿಕೊಂಡು ಪೊನ್ನಂಪೇಟೆಯನ್ನು ಮೊದಲ ಆಯ್ಕೆಯಾಗಿ ಹಾಕುತ್ತೀನಿ ಅಂದಿದ್ದಾನೆ. ನಾಲ್ಕು ವರ್ಷ ಹೊಲ ನೋಡೋರು ಯಾರು ಅನ್ನುವ ಮಾತು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ನಾನು ಹೇಳಿದ್ದು ಇಷ್ಟೇ: ಅರಣ್ಯವನ್ನೇ ಜೀವನ ಮಾಡ್ಕೋಬೇಕು ಅಂತ ಇದ್ದರೆ ನಾಲ್ಕು ವರ್ಷ ಹೆಚ್ಚಲ್ಲ, ಹೋಗು. ನಿನ್ನ ಎರಡು ಎಕರೆಯಲ್ಲಿ ಚೆನ್ನಾಗಿ ಮರ ಬೆಳೆಸಬೇಕು ಅನ್ನೋದಷ್ಟೇ ಆಸೆಯಾದರೆ ಮೊದಲು ತರಬೇತಿಗೆ ಹೋಗಿ ಬಾ, ಮೂರು ವರ್ಷ ಲೆಕ್ಕ ಬರಿ. ಎರಡು ವರ್ಷದ ಡಿಗ್ರಿ ಅಂತ ದುಡ್ಡು ಕೇಳೋರು ಬಂದರೆ, ಯಾವ ವಿಶ್ವವಿದ್ಯಾಲಯದ್ದು ಅಂತ ಕೇಳಿ, ಅಲ್ಲಿಗೇ ಫೋನ್ ಮಾಡಿ ವಿಚಾರಿಸು.

ಈ ವಾರ ನೀವು ಮಾಡಬೇಕಾದ ಕೆಲಸ: ನಿಮ್ಮ ಬದುವಿನ ಐದು ಮರ ಆರಿಸಿ, ನಂಬರು ಹಾಕಿ, ಎದೆಮಟ್ಟದ ಸುತ್ತಳತೆ ಅಳೆದು ದಿನಾಂಕದ ಜೊತೆ ಬರೆದಿಡಿ. ಮಾರುವ ಯೋಚನೆ ಇಲ್ಲದಿದ್ದರೂ ಬರೆದಿಡಿ. ಮಾರುವ ದಿನ ಬಂದಾಗ ಅಳೆಯೋಕೆ ಪುರುಸೊತ್ತು ಇರಲ್ಲ, ದುಡ್ಡಿನ ಅವಸರ ಇರುತ್ತೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.