ಎರೆಭೂಮಿಯ ಹಳ್ಳಿಗಳಲ್ಲಿ ಬಚ್ಚಲ ನೀರು ಮತ್ತು ಹಿತ್ತಲ ಕಾಯಿಪಲ್ಯ

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯು ಮುಂಬಯಿ ಇಲಾಖೆಯ ಕಾಲಕ್ಕೆ ಪರಸಗಡ ತಾಲೂಕೆಂದು ಕರೆಯಲ್ಪಡುತ್ತಿದ್ದಿತು. ಈ ಸೀಮೆಯ ಚಚಡಿ ಮೊದಲಾದ ಹಳ್ಳಿಗಳ ಸುತ್ತಲಿನ ನೆಲವು ಬಹುಮಟ್ಟಿಗೆ ಕರಿಯ ಎರೆಯಾಗಿರುತ್ತದೆ. ಜೋಳ, ಕಡಲೆ, ಹತ್ತಿಗಳಿಗೆ ಈ ಮಣ್ಣು ಎಷ್ಟು ಹಿತಕರವೋ ಮನೆಯ ಬಳಕೆಯ ನೀರನ್ನು ಸಾಗಿಸುವದಕ್ಕೆ ಅಷ್ಟೇ ತೊಡಕಿನದು. ಬಚ್ಚಲ ನೀರು ಓಣಿಗೆ ಹರಿದು ಕೆಸರಾಗಿ ನಿಲ್ಲುವದು. ಕೆಸರಿನಲ್ಲಿ ಸೊಳ್ಳೆ ಹುಟ್ಟುವದು. ಅದೇ ಮನೆಯವರು ಸಂತೆಯಲ್ಲಿ ಹಣ ಕೊಟ್ಟು ಕಾಯಿಪಲ್ಯ ಕೊಳ್ಳುವರು. ಈ ಮೂರು ಕೊರತೆಗಳಿಗೆ ಪರಿಹಾರವು ಒಂದೇ ಕಡೆಗೆ ಇರುತ್ತದೆ. ಅದೇ ಮನೆಯ ಹಿತ್ತಲು.

ಹಿತ್ತಲ ಬೆಳೆಯ ಅವಶ್ಯಕತೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕೂ ಮಿಕ್ಕಿ ಮಕ್ಕಳು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರು ರಕ್ತಹೀನತೆಯಿಂದ ಬಳಲುತ್ತಿರುವದು ಕಂಡುಬಂದಿತು. ಒಬ್ಬ ಪ್ರೌಢ ಮನುಷ್ಯನಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಯ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಸೂಚಿಸಿದೆ. ರೊಟ್ಟಿಯ ಬುಟ್ಟಿ ತುಂಬಿದ ಮನೆಯಲ್ಲಿಯೂ ಪಲ್ಯದ ಪಾತ್ರೆಯು ಅರ್ಧವಿದ್ದರೆ ಆ ಮನೆಯು ಸಂಪನ್ನವೆನಿಸದು. ದೊಡ್ಡ ಹೊಲವುಳ್ಳ ಮನೆಗೂ ಈ ಮಾತು ಅನ್ವಯಿಸುವದು.

ನೀರಿನ ಲೆಕ್ಕ

ಬೇಸಗೆಯಲ್ಲಿ ಕುಡಿಯುವ ನೀರಿಗೇ ಕಷ್ಟವಿರುವಾಗ ಹಿತ್ತಲಿಗೆ ನೀರೆಲ್ಲಿಯದು ಎಂಬ ಆಕ್ಷೇಪವು ಸಹಜವಾದದ್ದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರಿನ ಪ್ರಮಾಣವನ್ನು ಗೊತ್ತುಪಡಿಸಿದೆ. ಆರು ಜನರ ಮನೆಗೆ ಇದು 330 ಲೀಟರ್ ಆಗುವದು. ಕುಡಿಯುವದು, ಅಡಿಗೆ, ಶೌಚ ಮುಂತಾದವುಗಳ ವೆಚ್ಚವನ್ನು ಕಳೆದರೂ ಸ್ನಾನದ ಮತ್ತು ಪಾತ್ರೆ ತೊಳೆದ ನೀರು 200 ಲೀಟರಿನಷ್ಟಾದರೂ ಉಳಿಯಬಹುದು. ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 5 ಲೀಟರಿನಂತೆ ಇದು 40 ಚದರ ಮೀಟರಿಗೆ ಸಾಲುವದು. ಒಂದು ಗುಂಟೆಯು ಸುಮಾರು 101 ಚದರ ಮೀಟರ್ ಆದ್ದರಿಂದ ಅರ್ಧ ಗುಂಟೆಗೂ ಕಡಿಮೆ ಸ್ಥಳದ ಮಾತಿದು. ಹಿತ್ತಲಿಗಾಗಿ ಹೆಂಗಸರು ಒಂದು ಕೊಡವನ್ನೂ ಹೆಚ್ಚಾಗಿ ಹೊರಬೇಕಾಗಿಲ್ಲ.

ಎರೆಯ ಸ್ವಭಾವ

ಮಸಾರಿ ನೆಲದಲ್ಲಿ ಇಂಗುಗುಂಡಿಯನ್ನು ತೋಡಿ ಕಲ್ಲು ತುಂಬಿದರೆ ನೀರು ತಾನಾಗಿ ಇಂಗುವದು. ಎರೆಯಲ್ಲಿ ಹಾಗಾಗುವದಿಲ್ಲ. ಒಣಗಿದಾಗ ಕೈ ಹಿಡಿಸುವಷ್ಟು ಬಿರಿಯುವ ಈ ಮಣ್ಣು, ತೊಯ್ದೊಡನೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವದು. ಆದ್ದರಿಂದ ಇಂಗುಗುಂಡಿಯು ಕೆಲವೇ ದಿನಗಳಲ್ಲಿ ತುಂಬಿ ನಾರುವದು. ಎರೆಯಲ್ಲಿ ಬಚ್ಚಲ ನೀರನ್ನು ನೆಲವು ಕುಡಿಯಲಾರದು, ಗಿಡಗಳೇ ಕುಡಿಯಬೇಕು. ಅಗಲವಾಗಿ ಹರಡಿ ಬೇರಿಗೆ ಉಣಿಸುವದೇ ಇಲ್ಲಿಯ ಯೋಗ್ಯ ಮಾರ್ಗವು.

ಇದೇ ಗುಣದಿಂದ ಗೋಡೆಗೂ ಅಪಾಯವುಂಟು. ಗೋಡೆಯ ಒಂದು ಬದಿಗೆ ನೀರು ನಿಂತು ಇನ್ನೊಂದು ಬದಿಯು ಒಣಗಿದ್ದರೆ ಪಾಯವು ಏರುಪೇರಾಗಿ ಗೋಡೆಯು ಸೀಳುವದು. ಆದ್ದರಿಂದ ಮಡಿಗಳನ್ನು ಗೋಡೆಯಿಂದ 2 ಮೀಟರ್ ದೂರ ಮಾಡತಕ್ಕದ್ದು. ದೊಡ್ಡ ಮರವನ್ನು ಅದು ಬೆಳೆಯುವಷ್ಟು ಎತ್ತರದ ದೂರದಲ್ಲಿ ನೆಡತಕ್ಕದ್ದು.

ಸೋಸುಗುಂಡಿ ಮತ್ತು ಕಾಲುವೆ

ಬಚ್ಚಲ ಬಾಯಿಯಲ್ಲಿ 60 ಸೆಂಟಿಮೀಟರ್ ಆಳದ ಚಿಕ್ಕ ಸೋಸುಗುಂಡಿಯನ್ನು ಕಲ್ಲಿನಿಂದ ಕಟ್ಟಬೇಕು. ತಳದಲ್ಲಿ ದಪ್ಪ ಕಲ್ಲು, ಮೇಲೆ ಇಟ್ಟಿಗೆಯ ಚೂರು, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಒಂದು ಹಿಡಿ ಹುಲ್ಲು. ಜಿಡ್ಡು ಮತ್ತು ಕೂದಲು ಹುಲ್ಲಿಗೆ ಅಂಟಿಕೊಳ್ಳುವವು. ವಾರಕ್ಕೊಮ್ಮೆ ಹುಲ್ಲನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಹೊಸದನ್ನಿಡತಕ್ಕದ್ದು. ಗುಂಡಿಯಿಂದ ಹೊರಟ ಕಾಲುವೆಗೆ 50 ಅಡಿಗೆ 1 ಅಡಿ ಇಳಿಜಾರು ಸಾಕು. ಬಾವಿ ಅಥವಾ ಕೊಳವೆಬಾವಿಯಿಂದ ಇದೆಲ್ಲವೂ 15 ಮೀಟರಾದರೂ ದೂರವಿರಬೇಕು. ಶೌಚದ ನೀರನ್ನೂ ಕೂಸಿನ ಹೊಲಸು ಬಟ್ಟೆ ತೊಳೆದ ನೀರನ್ನೂ ಇದರಲ್ಲಿ ಎಷ್ಟು ಮಾತ್ರಕ್ಕೂ ಕೂಡಿಸಲಾಗದು.

ಸೋಡಾ ಮತ್ತು ಬೂದಿ

ಎರೆಯು ಸ್ವಭಾವತಃ ಸುಣ್ಣದಂಶವುಳ್ಳ, ಕ್ಷಾರದ ಕಡೆಗೆ ವಾಲಿದ ಮಣ್ಣು. ಬಟ್ಟೆ ತೊಳೆಯುವ ಪುಡಿಯಲ್ಲಿಯ ಸೋಡಾ ಅಂಶವು ಇದರಲ್ಲಿ ಕೂಡುತ್ತ ಹೋದರೆ ಮಣ್ಣು ಬಿಗಿದು ಹೆಪ್ಪುಗಟ್ಟುವದು. ಆದಕಾರಣ ಬಟ್ಟೆ ತೊಳೆದ ನೀರನ್ನು ಬಾಳೆಗೆ ಮಾತ್ರ, ಅದೂ ದಿನ ಬಿಟ್ಟು ದಿನ ಬಿಡಬೇಕು. ಒಲೆಯ ಬೂದಿಯನ್ನು ಬುಡಕ್ಕೆ ಸುರಿಯುವ ರೂಢಿಯು ಹುಳಿಯ ಕೆಂಪು ಮಣ್ಣಿಗೆ ಒಳ್ಳೆಯದಾದರೂ ಎರೆಗೆ ಹಿತವಲ್ಲ, ಬೂದಿಯೂ ಕ್ಷಾರವೇ. ಮಣ್ಣು ಬಿಗಿದ ಚಿಹ್ನೆಗಳು ಕಂಡರೆ ಮಣ್ಣಿನ ಪರೀಕ್ಷೆ ಮಾಡಿಸಿ, ಸೂಚಿಸಿದಷ್ಟು ಜಿಪ್ಸಮ್ ಕೂಡಿಸಬೇಕು.

ಯಾವದನ್ನು ಎಲ್ಲಿ ನೆಡಬೇಕು

ಕಾಲುವೆಯ ಮೊದಲಲ್ಲಿ ಹೆಚ್ಚು ನೀರು ಕುಡಿಯುವ ಬಾಳೆ ಮತ್ತು ಕೆಸು. ಮುಂದೆ ಹಂದರದ ಮೇಲೆ ಹೀರೆ, ಹಾಗಲ, ಅವರೆ. ಅದರ ಮುಂದೆ ಬದನೆ, ಬೆಂಡೆ, ಚವಳಿ. ಮಡಿಗಳನ್ನು ನೆಲಕ್ಕಿಂತ 15ರಿಂದ 20 ಸೆಂಟಿಮೀಟರ್ ಎತ್ತರಿಸಿ, ಮಸಾರಿ ಮಣ್ಣನ್ನೂ ಕಳಿತ ಗೊಬ್ಬರವನ್ನೂ ಬೆರೆಸಬೇಕು. ಹಾಗೆ ಮಾಡದಿದ್ದರೆ ಹಿಂಗಾರಿ ಮಳೆಯಲ್ಲಿ ಬೇರು ಕೊಳೆಯುವದು. ಹಸಿ ಎರೆಯನ್ನು ಅಗಿಯಲಾಗದು; ಅಗೆದರೆ ಹೆಂಟೆಗಳು ಕಲ್ಲಾಗುವವು. ಬೇಸಗೆಯಲ್ಲಿ ಕತ್ತರಿಸಿದ ಕಣಿಕೆಯನ್ನು ಮಡಿಯ ಮೇಲೆ ಹೊದಿಸಿದರೆ ಬಿರುಕು ಕಡಿಮೆಯಾಗುವದು.

ಮೆಂತೆ, ರಾಜಗಿರಿ, ಪುಂಡಿಗಳನ್ನು ಬೇಯಿಸಿ ಉಣ್ಣುವರಾದ್ದರಿಂದ ಸೋಸಿದ ನೀರನ್ನು ಎಲೆಗೆ ತಗಲದಂತೆ ಬುಡಕ್ಕೆ ಬಿಡಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗಳಿಗೆ ಕಾಳು, ಅಕ್ಕಿ, ಪಲ್ಯ ತೊಳೆದ ನೀರನ್ನೇ ಹಾಕತಕ್ಕದ್ದು. ಬಚ್ಚಲ ನೀರಿನ ಬೆಳೆಯು ಮೈಲಿಗೆಯೆಂಬ ಶಂಕೆಗೆ ಈ ವಿಂಗಡಣೆಯೇ ಉತ್ತರವು.

ಪ್ರತಿ ಮನೆಗೂ ಮೂರು ಗಿಡಗಳಿರಬೇಕು: ನುಗ್ಗೆ, ಕರಿಬೇವು, ಲಿಂಬೆ. ನುಗ್ಗೆಯಲ್ಲಿ ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ಎಂಬ ತಳಿಗಳು ಬೇಗನೆ ಕಾಯಿ ಬಿಡುವವು. ಅದರ ಬುಡದಲ್ಲಿ ಮಾತ್ರ ನೀರು ನಿಲ್ಲಬಾರದು. ಲಿಂಬೆಗೆ ಸೋಡಾ ನೀರು ಆಗದು. ಊಟದಲ್ಲಿ ಸೊಪ್ಪಿನ ಪಲ್ಯದ ಮೇಲೆ ಲಿಂಬೆಯ ರಸವನ್ನು ಹಿಂಡಿದರೆ ಸೊಪ್ಪಿನಲ್ಲಿಯ ಕಬ್ಬಿಣದಂಶವು ಮೈಗೆ ಹೆಚ್ಚಾಗಿ ಹತ್ತುವದು. ಆದ್ದರಿಂದ ಲಿಂಬೆಯು ರುಚಿಗಷ್ಟೇ ಅಲ್ಲ.

ಗೊಬ್ಬರ ಮತ್ತು ಕೀಡೆ

ಓಣಿಯ ತಿಪ್ಪೆಯ ಬದಲು ಹಿತ್ತಲ ಮೂಲೆಯಲ್ಲಿ 1 ಮೀಟರ್ ಆಳದ ಗುಂಡಿಯಿರಲಿ. 1924ರಿಂದ 1931ರ ವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹಾವರ್ಡ್ ಸಾಹೇಬರು ರೂಢಿಗೆ ತಂದ ಪದ್ಧತಿಯಂತೆ ಕಸ, ಸಗಣಿ, ಮಣ್ಣುಗಳನ್ನು ಪದರುಪದರಾಗಿ ಹಾಕಿ, ಹಸಿಯಾಗಿಟ್ಟು ಮೂರು ಸಲ ತಿರುವಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರವಾಗುವದು. ಕೀಡೆಗಳಿಗೆ ಬೇವಿನ ಬೀಜದ ತಿರುಳಿನ ಪುಡಿಯನ್ನು ಲೀಟರಿಗೆ 50 ಗ್ರಾಮಿನಂತೆ ರಾತ್ರಿ ನೆನೆಯಿಟ್ಟು, ಸೋಸಿ, ಮರುದಿನ ಸಂಜೆಗೆ ಸಿಂಪಡಿಸಬೇಕು. ಹತ್ತಿಯ ಹೊಲಕ್ಕೆ ತಂದು ಉಳಿದ ವಿಷದೌಷಧವನ್ನು ಹಿತ್ತಲ ಪಲ್ಯಕ್ಕೆ ಎಂದಿಗೂ ಹೊಡೆಯಬಾರದು.

ಒಣದಿನವು

ಕೆಸರಿನ ಸೊಳ್ಳೆಯು ಹೋದರೂ ಡೆಂಗ್ಯೂ ಮತ್ತು ಚಿಕುನ್‌ಗುನ್ಯಾಗಳನ್ನು ಹರಡುವ ಸೊಳ್ಳೆಯು ಶುದ್ಧ ನೀರಿನಲ್ಲಿ ಹುಟ್ಟುವದು. 2006ರಲ್ಲಿ ಚಿಕುನ್‌ಗುನ್ಯಾವು ಕರ್ನಾಟಕದ ಅನೇಕ ಊರುಗಳಲ್ಲಿ ಜನರನ್ನು ವಾರಗಟ್ಟಲೆ ಹಾಸಿಗೆ ಹಿಡಿಸಿದ್ದನ್ನು ಹಿರಿಯರು ಮರೆತಿರಲಾರರು. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನಗಳು ಬೇಕು. ಆದ್ದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿ ಹಂಡೆ, ತೊಟ್ಟಿ, ದನದ ಡೋಣಿಗಳನ್ನು ಬರಿದು ಮಾಡಿ, ಒಳಮೈಯನ್ನು ತಿಕ್ಕಿ ಒಣಗಿಸತಕ್ಕದ್ದು. ಆ ನೀರೂ ಹಿತ್ತಲಿಗೇ ಸಲ್ಲುವದು.

ಹಿರಿಯರ ಕರ್ತವ್ಯ

ಮಳೆಗಾಲದಲ್ಲಿ ಮಡಿಗಳಿಗೆ ಬೇಡವಾದ ನೀರು ಹೊರಗೆ ಹೋಗಲೇಬೇಕು. ಅದಕ್ಕೆ ಪಂಚಾಯತಿಯ ಗಟಾರವು ತೆರವಾಗಿರಬೇಕು. ಒಂದು ಓಣಿಯಲ್ಲಿ ಹತ್ತು ಮನೆಗಳವರು ನೀರನ್ನು ಹಿತ್ತಲಿಗೆ ತಿರುಗಿಸಿ ಒಬ್ಬರು ಮಾತ್ರ ಬಿಟ್ಟರೂ ಕೆಸರು ಹನ್ನೊಂದೂ ಮನೆಗಳ ಪಾಲಿಗೆ ಉಳಿಯುವದು. ಆದಕಾರಣ ಓಣಿಯೇ ಕೆಲಸದ ಘಟಕವಾಗಬೇಕು. ಹಿತ್ತಲಿಲ್ಲದ ಬಡವರ ನೀರಿಗೆ ನೆರೆಯ ಭೂಮಾಲಿಕರು ತಮ್ಮ ಖಾಲಿ ಜಾಗದ ಒಂದು ಅಂಚನ್ನು ಬಿಟ್ಟುಕೊಟ್ಟರೆ ಇಬ್ಬರಿಗೂ ಬಾಳೆಗೊನೆಯು ಸಿಗುವದು, ಓಣಿಯೂ ಒಣಗುವದು.

ಊರ ಹಿರಿಯರ ಮನೆಯ ಬಚ್ಚಲ ಬಾಯಿ ಓಣಿಗೆ ತೆರೆದಿರುವ ವರೆಗೆ ಅವರ ಉಪದೇಶವನ್ನು ಯಾರೂ ಕೇಳಲಾರರು. ಅದು ಮೊದಲು ಹಿತ್ತಲಿಗೆ ತಿರುಗಲಿ. ಮುಂಗಾರಿಗೆ ಮುಂಚೆ, ನೆಲವು ಒಣಗಿರುವಾಗಲೇ, ಕಾಲುವೆಯನ್ನೂ ಸೋಸುಗುಂಡಿಯನ್ನೂ ಮುಗಿಸಿಕೊಳ್ಳುವದು ಯುಕ್ತವು.